ಬಾಣದ ಬಾಲದ ಕಡೆಗೇ ಪೆಟ್ಟು

ಸಾಫ್ಟ್‌ವೇರಿನ ರಚನೆಯನ್ನು ಚಿತ್ರಿಸುವ ಯುಎಂಎಲ್ ಭಾಷೆಯಲ್ಲಿ ಪ್ರೋಗ್ರಾಮಿನ ಬಿಡಿ ಘಟಕಗಳನ್ನು, ಅಂದರೆ ಕ್ಲಾಸುಗಳನ್ನು, ಚೌಕಗಳಾಗಿ ತೋರಿಸುವ ಕ್ಲಾಸ್ ಚಿತ್ರವೊಂದರಲ್ಲಿ ‘ವರದಿ’ ಎಂಬ ಚೌಕದಿಂದ ‘ಸಂಗ್ರಹ’ ಎಂಬ ಚೌಕಕ್ಕೆ ತುಂಡುಗೆರೆಯ ಬಾಣ ಹೊರಟಿದೆ ಎಂದುಕೊಳ್ಳಿ. ಅದನ್ನು ಕಂಡೊಡನೆ ವರದಿಯಿಂದ ಸಂಗ್ರಹಕ್ಕೆ ಏನೋ ಹರಿಯುತ್ತಿದೆ ಎಂದು ಓದುವವರೇ ಹೆಚ್ಚು. ಮಾಹಿತಿ ಬರುತ್ತಿರುವುದು ಎದುರು ದಿಕ್ಕಿನಿಂದ! ವರದಿಗೆ ಸಂಗ್ರಹ ಬೇಕು, ಸಂಗ್ರಹಕ್ಕೆ ವರದಿಯ ಸುಳಿವೂ ಇಲ್ಲ. ಬಾಣದ ಅರ್ಥ ಇಷ್ಟೇ.

ಈ ತಪ್ಪು ಓದಿನ ಬೇರು ಹಳೆಯದು. 1921ರಲ್ಲಿ ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ಕೆಲಸದ ಹಂತಗಳನ್ನು ಚಿತ್ರಿಸುವ ವಿಧಾನವನ್ನು ಮಂಡಿಸಿದರು. 1940ರ ದಶಕದಲ್ಲಿ ಗಣಿತಜ್ಞರಾದ ಗೋಲ್ಡ್‌ಸ್ಟೈನ್ ಮತ್ತು ಫಾನ್ ನಾಯ್ಮನ್ ಕಂಪ್ಯೂಟರ್ ಪ್ರೋಗ್ರಾಮುಗಳಿಗೂ ಹರಿವಿನ ಚಿತ್ರ ಬರೆದರು. ಅಲ್ಲಿ ಬಾಣವೆಂದರೆ ‘ಮುಂದೆ ಇಲ್ಲಿಗೆ ಹೋಗು’ ಎಂದೇ ಅರ್ಥ. ಸಾಫ್ಟ್‌ವೇರ್ ತಜ್ಞರಾದ ಬೂಚ್, ಜೇಕಬ್‌ಸನ್, ರಂಬಾ ಕೂಡಿ ರೂಪಿಸಿ, 1997ರಲ್ಲಿ ಒಎಂಜಿ ಎಂಬ ಮಾನಕ ಸಂಸ್ಥೆ ಅಂಗೀಕರಿಸಿದ ಯುಎಂಎಲ್‌ನಲ್ಲಿಯೂ ಚಟುವಟಿಕೆಯ ಚಿತ್ರಗಳು ಆ ರೂಢಿಯನ್ನೇ ಉಳಿಸಿಕೊಂಡಿವೆ. ಕ್ಲಾಸ್ ಚಿತ್ರಕ್ಕೆ ಬಂದಾಗ ಕಣ್ಣನ್ನು ಹೊಸದಾಗಿ ಪಳಗಿಸಬೇಕು.

ಏಕಮುಖ ಸಂಬಂಧದಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವುದು ಬದಲಾವಣೆ ಸಾಗುವ ದಾರಿ. ಅದು ಬಾಣಕ್ಕೆ ಎದುರಾಗಿ ಸಾಗುತ್ತದೆ. ಮರವನ್ನು ಕಡಿದರೆ ಹಬ್ಬಿದ ಬಳ್ಳಿಯೂ ಬೀಳುತ್ತದೆ. ಬಳ್ಳಿಯನ್ನು ಕಿತ್ತರೆ ಮರಕ್ಕೇನೂ ಆಗದು. ಸಂಗ್ರಹದ ಒಳಗಿನ ಕೆಲಸ ಹೇಗೆ ಬದಲಾದರೂ ಚಿಂತೆಯಿಲ್ಲ, ಆದರೆ ಅದು ಹೊರಗೆ ತೋರುವ ಒಂದು ಫಂಕ್ಷನ್ನಿನ ಹೆಸರು ಬದಲಾದರೆ ಸಾಕು, ಅದನ್ನು ಕರೆಯುತ್ತಿದ್ದ ವರದಿ ಕಂಪೈಲ್ ಆಗದೆ, ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ಬಾರದೆ, ನಿಲ್ಲುತ್ತದೆ. ವರದಿಯನ್ನು ಪೂರ್ತಿ ಅಳಿಸಿಹಾಕಿದರೂ ಸಂಗ್ರಹ ಎಂದಿನಂತೆ ಓಡುತ್ತದೆ. ಒಂದು ಕ್ಲಾಸು ಇನ್ನೊಂದರ ಗುಣಗಳನ್ನು ಪಡೆಯುವ ಆನುವಂಶಿಕತೆಯನ್ನು ತೋರಿಸುವ ಬಾಣದ ಟೊಳ್ಳು ತ್ರಿಕೋನ ಮಾತೃ ಕ್ಲಾಸಿನ ಕಡೆಗೆ ಮುಖ ಮಾಡಿರುವುದೂ ಇದೇ ಕಾರಣಕ್ಕೆ: ಗುಣಗಳು ಕೆಳಗಿಳಿದು ಬಂದರೂ ಆಶ್ರಯ ಬೇಡುವುದು ಮರಿ ಕ್ಲಾಸು.

ಹಾಗಿರುವಾಗ ‘ಇರಲಿ’ ಎಂದು ಎರಡೂ ತುದಿಗೆ ಬಾಣ ಹಾಕುವ ಚಾಳಿ ನನ್ನನ್ನು ಕಳವಳಗೊಳಿಸುತ್ತದೆ. ಆಗ ಯಾವುದನ್ನೂ ಬಿಡಿಯಾಗಿ ಪರೀಕ್ಷಿಸಲಾಗದು, ಬಿಡಿಯಾಗಿ ಬೇರೆಡೆ ಬಳಸಲಾಗದು. ಬಳಕೆಯ ಸಂಬಂಧಗಳು ಸುತ್ತು ಹಾಕಿಕೊಂಡರೆ ಎಲ್ಲವೂ ಕೆಲಸ ಮಾಡುವವರೆಗೆ ಯಾವುದೂ ಕೆಲಸ ಮಾಡದು ಎಂದು ಸಾಫ್ಟ್‌ವೇರ್ ವಿಜ್ಞಾನಿ ಡೇವಿಡ್ ಪಾರ್ನಸ್ 1979ರಲ್ಲೇ ಎಚ್ಚರಿಸಿದ್ದರು.

ಬಾಣವನ್ನು ತಿರುಗಿಸಲೂ ಸಾಧ್ಯ. ವರದಿ ತನಗೆ ಬೇಕಾದುದನ್ನು ಒಂದು ಇಂಟರ್‌ಫೇಸ್ ಆಗಿ, ಅಂದರೆ ಬೇಕಾದ ಫಂಕ್ಷನ್ನುಗಳ ಬರಿಯ ಪಟ್ಟಿಯಾಗಿ, ತನ್ನ ಬಳಿಯೇ ಇಟ್ಟುಕೊಂಡು, ಸಂಗ್ರಹ ಅದನ್ನು ಪೂರೈಸುವಂತೆ ಮಾಡಿದರೆ ಬಾಣ ಸಂಗ್ರಹದ ಕಡೆಯಿಂದ ಹೊರಡುತ್ತದೆ. ಮಾಹಿತಿ ಮಾತ್ರ ಮೊದಲಿನಂತೆಯೇ ಸಂಗ್ರಹದಿಂದ ವರದಿಗೆ ಬರುತ್ತಿರುತ್ತದೆ.