ಸರೀಕರ ಮುಂದೆ ನಿದ್ದೆಗೆಡುವವರು

ನಿದ್ದೆ ಬರುತ್ತಿಲ್ಲ, ಎದೆ ಡವಗುಟ್ಟುತ್ತದೆ ಎಂದು ಬರುವವರಿಗೆ ನಾನು ಕೇಳುವ ಪ್ರಶ್ನೆಗಳಲ್ಲಿ ‘ಸಾಲ ಎಷ್ಟಿದೆ?’ ಎಂಬುದೂ ಒಂದು. ಜೊತೆಗೆ ಬಂದವರನ್ನು ಹೊರಗೆ ಕೂರಿಸಿಯೇ ಕೇಳುತ್ತೇನೆ, ಮನೆಯವರಿಗೆ ಗೊತ್ತಿಲ್ಲದ ಸಾಲ ಅಷ್ಟು ಸಾಮಾನ್ಯ. ಹೊಟ್ಟೆಪಾಡಿಗೆ ಮಾಡಿದ್ದು ಒಂದು ಪಾಲು. ತಂಗಿಯ ಮದುವೆಗೆ ದೊಡ್ಡ ಛತ್ರ ಹಿಡಿದದ್ದು, ಓರಗಿತ್ತಿಯ ಮಗ ಹೋಗುವ ಕಾನ್ವೆಂಟಿಗೇ ತನ್ನ ಮಗನನ್ನೂ ಸೇರಿಸಿದ್ದು ಇನ್ನೊಂದು ಪಾಲು. ಕೋಟ್ಯಧೀಶರನ್ನು ನೆನೆದು ಕೊರಗುವವರನ್ನು ನಾನು ಕಂಡಿಲ್ಲ. ಸರೀಕರ ಮುಂದೆ ತಲೆ ತಗ್ಗಿಸಬೇಕಾಯಿತಲ್ಲ ಎಂಬುದೇ ಕೊರಗು. ಆದಾಯದ ಅಂತರ ಹಿಗ್ಗಿದ ಊರಿನಲ್ಲಿ ಮದುವೆ, ಮನೆ, ಶಾಲೆ ಎಲ್ಲದರ ‘ಮಾಮೂಲಿ’ ಮಟ್ಟವೂ ಮೇಲೇರುತ್ತದೆ; ಸಂಬಳ ಏರುವುದಿಲ್ಲ.

ಇದು ಕಡುಬಡವರ ಕಷ್ಟ ಎಂದುಕೊಳ್ಳುವವರು ಲಂಡನ್ನಿನ ವೈಟ್‌ಹಾಲ್ ಅಧ್ಯಯನವನ್ನು ನೋಡಬೇಕು. 1985ರಲ್ಲಿ ಶುರುವಾದ ಅದರ ಎರಡನೇ ಸುತ್ತಿನಲ್ಲಿ ಇದ್ದವರು ಹತ್ತು ಸಾವಿರಕ್ಕೂ ಹೆಚ್ಚು ಸರ್ಕಾರಿ ನೌಕರರು. ಯಾರೂ ಉಪವಾಸವಿದ್ದವರಲ್ಲ. ಆದರೂ ಹುದ್ದೆ ಒಂದೊಂದೇ ಮೆಟ್ಟಿಲು ಇಳಿದಂತೆ ಕಾಯಿಲೆ ಹೆಚ್ಚುತ್ತಿತ್ತು. ತಮ್ಮ ಕೆಲಸದ ಮೇಲೆ ತಮಗೇ ಹಿಡಿತವಿಲ್ಲದವರಲ್ಲಿ ಖಿನ್ನತೆಯೂ ಹೆಚ್ಚು.

ಹಾಗಾದರೆ ಕೈಗೆ ದುಡ್ಡು ಬಂದರೆ ಮನಸ್ಸು ಸರಿಹೋಗುತ್ತದೆಯೇ? ಅಮೆರಿಕದ ನಾರ್ತ್ ಕೆರೊಲಿನಾದ ಚೆರೋಕಿ ಬುಡಕಟ್ಟಿನವರು ತಮ್ಮ ನೆಲದಲ್ಲಿ 1990ರ ದಶಕದಲ್ಲಿ ಆರಂಭವಾದ ಕ್ಯಾಸಿನೊದ ಲಾಭದಲ್ಲಿ ಒಂದು ಭಾಗವನ್ನು ಸದಸ್ಯರಿಗೆಲ್ಲ ಹಂಚತೊಡಗಿದರು. ಅಲ್ಲಿನ ಮಕ್ಕಳನ್ನು ಅದಕ್ಕೂ ಮೊದಲಿನಿಂದ ಗಮನಿಸುತ್ತಿದ್ದ ಜೇನ್ ಕಾಸ್ಟೆಲೊ ತಂಡ 2003ರಲ್ಲಿ ಫಲಿತಾಂಶ ಪ್ರಕಟಿಸಿತು. ಬಡತನದಿಂದ ಮೇಲೆದ್ದ ಮನೆಗಳ ಮಕ್ಕಳ ಹಟ, ಪುಂಡಾಟ ಎಂದೂ ಬಡತನ ಕಾಣದ ಮಕ್ಕಳ ಮಟ್ಟಕ್ಕೆ ಇಳಿದಿತ್ತು. ಹೆತ್ತವರಿಗೆ ಮಕ್ಕಳ ಮೇಲೆ ನಿಗಾ ಇಡಲು ಪುರುಸೊತ್ತು ಸಿಕ್ಕಿತ್ತು. ಆತಂಕ, ಖಿನ್ನತೆ ಮಾತ್ರ ಹೆಚ್ಚೇನೂ ಕದಲಲಿಲ್ಲ. (ಭಾಷಣಗಳಲ್ಲಿ ಈ ಕೊನೆಯ ಸಾಲನ್ನು ಬಿಟ್ಟುಬಿಡುತ್ತಾರೆ.) ದುಡ್ಡು ಬೇಕು, ಆದರೆ ಮನಸ್ಸಿಗೆ ಇಳಿದುಹೋದ ಅಳುಕು ಅದರ ಹಿಂದೆಯೇ ಎದ್ದು ಹೋಗುವುದಿಲ್ಲ.

ಖಿನ್ನತೆ ಗಟ್ಟಿಯಾಗಿದ್ದರೆ ಮಾತ್ರೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಜೊತೆಗೆ, ಸಾಲದ ಪೂರ್ತಿ ಲೆಕ್ಕವನ್ನು ಮನೆಯಲ್ಲಿ ಒಬ್ಬರಿಗಾದರೂ ಹೇಳಿಬನ್ನಿ ಎನ್ನುತ್ತೇನೆ. ಸಾಯುವ ಯೋಚನೆ ಬರುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಫೈನಾನ್ಸಿನವರು ಬಾಗಿಲಿಗೆ ಬಂದು ಬೈಯುತ್ತಿದ್ದರೆ ಅದನ್ನು ಸಹಿಸಿಕೊಂಡು ಕೂರಬೇಕಿಲ್ಲ. ಕಿರುಸಾಲದ ಬಲವಂತದ ವಸೂಲಿ ತಡೆಯಲು ರಾಜ್ಯ 2025ರಲ್ಲಿ ತಂದ ಕಾನೂನಿನಲ್ಲಿ ಹತ್ತು ವರ್ಷದವರೆಗೆ ಜೈಲು ಶಿಕ್ಷೆಯಿದೆ, ದೂರು ಕೊಟ್ಟರೆ ಪೊಲೀಸರು ನಿರಾಕರಿಸುವಂತಿಲ್ಲ.