ಹೆಣಗಳ ಫೋಟೋ ತೋರಿಸದೆ ಹೊಲೊಕಾಸ್ಟ್ ಪಾಠ ಮಾಡೋಕಾಗುತ್ತಾ?

ಪ್ರಶ್ನೆ: ನಾನು ಒಂಬತ್ತನೇ ತರಗತಿಗೆ ಇತಿಹಾಸ ಕಲಿಸುತ್ತೇನೆ. ಹೊಲೊಕಾಸ್ಟ್ ಪಾಠದಲ್ಲಿ ಹೆಣಗಳ ರಾಶಿಯ ಫೋಟೋ ತೋರಿಸಿದರೆ ಮಕ್ಕಳು ಹೆದರುತ್ತಾರೆ. ತೋರಿಸದಿದ್ದರೆ ನಾಜಿಗಳು 60 ಲಕ್ಷ ಯಹೂದಿಗಳನ್ನು ಕೊಂದರು ಅನ್ನೋದು ಬರೀ ಅಂಕಿಯಾಗಿ ಉಳಿಯುತ್ತೆ. ಏನು ಮಾಡಲಿ?

ಉತ್ತರ: ತೋರಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ಇಂಥ ಕಷ್ಟದ ಇತಿಹಾಸವನ್ನು ತರಗತಿಯಲ್ಲಿ ಹೇಗೆ ಕಲಿಸಬೇಕು ಅಂತ ಶಿಕ್ಷಕರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಪ್ರತಿ ತರಬೇತಿಯಲ್ಲೂ ಯಾರಾದರೂ ಒಬ್ಬರು ಇದನ್ನು ಕೇಳೇ ಕೇಳುತ್ತಾರೆ. ಮಕ್ಕಳ ಮನಸ್ಸಿಗೆ ಇದು ನಾಟಬೇಕು ಅನ್ನೋ ಆಸೆಯಿಂದಲೇ ಕೇಳುತ್ತಾರೆ. ಶುರುವಿನ ದಿನಗಳಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ತರಬೇತಿಯನ್ನು ಶವಗಳ ಫೋಟೋದಿಂದಲೇ ಆರಂಭಿಸಿದೆ. ಇಡೀ ಕೋಣೆ ಸ್ತಬ್ಧವಾಯಿತು. ಮಾತು ತಟ್ಟಿತು ಅಂದುಕೊಂಡೆ. ಬಿಡುವಿನಲ್ಲಿ ಒಬ್ಬರು ಮೇಡಂ ಬಂದು, "ಆಮೇಲೆ ನೀವು ಹೇಳಿದ್ದು ಒಂದೂ ತಲೆಗೆ ಹೋಗಲಿಲ್ಲ ಸರ್, ಆ ಫೋಟೋನೇ ಕಣ್ಣ ಮುಂದೆ ಇತ್ತು" ಅಂದರು. ಇಪ್ಪತ್ತು ವರ್ಷ ಪಾಠ ಮಾಡಿದವರಿಗೇ ಹೀಗಾದರೆ ಹದಿನಾಲ್ಕರ ಮಗುವಿಗೆ ಏನಾಗಬೇಡ? ಬೆಚ್ಚಿಬಿದ್ದ ಮಗು ಪ್ರಶ್ನೆ ಕೇಳುವುದಿಲ್ಲ. ಮುಖ ತಿರುಗಿಸುತ್ತೆ, ಇಲ್ಲವೇ ಮುಜುಗರಕ್ಕೆ ಕಿಸಕ್ಕನೆ ನಗುತ್ತೆ. ಆ ನಗುವಿಗೆ ಬೈಯಬೇಡಿ, ಅದೂ ಹೆದರಿಕೆಯೇ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ಆ ಫೋಟೋ ತೆಗೆದವರು ಯಾರು?

ನೀವೂ ಖಂಡಿತ ನೋಡಿರುವ ಒಂದು ಚಿತ್ರವಿದೆ. ಟೋಪಿ ಹಾಕಿಕೊಂಡ ಪುಟ್ಟ ಹುಡುಗ ಎರಡೂ ಕೈ ಎತ್ತಿ ನಿಂತಿದ್ದಾನೆ, ಹಿಂದೆ ಬಂದೂಕು ಹಿಡಿದ ಸೈನಿಕ. ಅದು 1943ರ ವಾರ್ಸಾ ಗೆಟ್ಟೊ, ಅಂದರೆ ಪೋಲೆಂಡಿನ ವಾರ್ಸಾ ನಗರದಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಜಾಗ. ಅಲ್ಲಿನ ಯಹೂದಿಗಳು ಏಪ್ರಿಲ್ 19ರಂದು ದಂಗೆ ಎದ್ದರು. ದಂಗೆಯನ್ನು ಅಡಗಿಸಿದ, ನಾಜಿಗಳ ಎಸ್‌ಎಸ್ ಪಡೆಯ ಅಧಿಕಾರಿ ಯೂರ್ಗೆನ್ ಸ್ಟ್ರೂಪ್ ತನ್ನ ಮೇಲಿನವರಿಗೆ ಒಂದು ವರದಿ ಕಳಿಸಿದ. ಕೆಲಸ ಮುಗಿಸಿದ್ದೇನೆ ಅಂತ ಹೆಮ್ಮೆಯಿಂದ ಕಳಿಸಿದ ವರದಿ. ಆ ಹುಡುಗನ ಫೋಟೋ ಅದರಲ್ಲಿತ್ತು. ಮುಂದೆ ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಅದೇ ವರದಿ ಸಾಕ್ಷ್ಯವಾಯಿತು ನಿಜ. ಆದರೆ ಕ್ಯಾಮೆರಾ ನಿಂತಿದ್ದು ಬಂದೂಕಿನ ಪಕ್ಕದಲ್ಲಿ. ಇದನ್ನು ಹೇಳದೆ ಸುಮ್ನೆ ತೋರಿಸಿದರೆ, ಕೊಂದವರು ಎಲ್ಲಿ ನಿಂತು ನೋಡಿದರೋ ನಮ್ಮ ಮಕ್ಕಳೂ ಅಲ್ಲೇ ನಿಂತು ನೋಡುತ್ತಾರೆ, ಅಲ್ವಾ?

ಎಲ್ಲ ಫೋಟೋಗಳೂ ಹಾಗಲ್ಲ. 1945ರಲ್ಲಿ ನಾಜಿ ಶಿಬಿರಗಳಿಗೆ ಬಂದ ಮಿತ್ರಪಡೆಯವರು ತೆಗೆದ ಚಿತ್ರಗಳು ಬಹಳ ಇವೆ. ಮುಂದೆ ಯಾರೂ ಇದು ನಡೆದೇ ಇಲ್ಲ ಅನ್ನಬಾರದು ಅಂತಲೇ ತೆಗೆದವು. ಅವುಗಳ ಬೆಲೆ ದೊಡ್ಡದು. ಆದರೂ ಅಲ್ಲಿ ಹೆಣಗಳಿವೆ, ಹೆಸರುಗಳಿಲ್ಲ. ಬದುಕಿದ್ದಾಗ ಅವರು ಯಾರಾಗಿದ್ದರು ಅಂತ ತಿಳಿಯುವ ದಾರಿ ಆ ಚಿತ್ರದಲ್ಲಿಲ್ಲ.

ಹಾಗಾದರೆ ಏನು ತೋರಿಸಬೇಕು? ಅದೇ ಗೆಟ್ಟೊಗೆ ಇನ್ನೊಂದು ಬದಿಯಿಂದ ಹೋಗಿ.

1940ರ ನವೆಂಬರಿನಲ್ಲಿ ವಾರ್ಸಾ ಗೆಟ್ಟೊವನ್ನು ಗೋಡೆ ಹಾಕಿ ಮುಚ್ಚಿದರು. ನಾಲ್ಕು ಚದರ ಕಿಲೋಮೀಟರಿಗೂ ಕಡಿಮೆ ಜಾಗದಲ್ಲಿ ನಾಲ್ಕು ಲಕ್ಷಕ್ಕೂ ಜಾಸ್ತಿ ಜನ. ಅಲ್ಲಿ ಎಮ್ಯಾನುಯೆಲ್ ರಿಂಗೆಲ್‌ಬ್ಲುಮ್ ಅನ್ನೋ ಇತಿಹಾಸಕಾರ ಗುಟ್ಟಾಗಿ ಒಂದು ಗುಂಪು ಕಟ್ಟಿದರು. ಅದರ ಹೆಸರು ಓನೆಗ್ ಶಬ್ಬತ್. ನಮ್ಮ ಕಥೆಯನ್ನು ನಾವೇ ಬರೆದಿಡಬೇಕು ಅನ್ನೋದು ಅವರ ಹಟ. ದಿನಚರಿ, ಕಾಗದಗಳು, ವರದಿಗಳನ್ನು ಕೂಡಿಟ್ಟರು. ಜೊತೆಗೆ ಮಿಠಾಯಿ ಸುತ್ತಿದ ಕಾಗದ, ಟ್ರಾಮ್ ಟಿಕೆಟ್, ರೇಷನ್ ಚೀಟಿ. ಮಿಠಾಯಿ ಕಾಗದ ಯಾಕೆ ಅಂತ ನಾನು ಶಿಕ್ಷಕರನ್ನು ಕೇಳುತ್ತೇನೆ. ಬೇಗ ಉತ್ತರ ಬರುವುದಿಲ್ಲ. ಬರುವಾಗ ಒಳ್ಳೆಯ ಉತ್ತರವೇ ಬರುತ್ತೆ.

1942ರ ಜುಲೈ 22ಕ್ಕೆ ಗೆಟ್ಟೊದ ಜನರನ್ನು ತುಂಬಿಕೊಂಡ ರೈಲುಗಳು ಟ್ರೆಬ್ಲಿಂಕಾ ಅನ್ನೋ ಕೊಲೆ ಶಿಬಿರಕ್ಕೆ ಹೊರಡಲು ಶುರುವಾದವು. ಆಗ ಆ ಕಾಗದಗಳನ್ನು ಹತ್ತು ಲೋಹದ ಪೆಟ್ಟಿಗೆಗಳಲ್ಲಿ ತುಂಬಿ ಒಂದು ಶಾಲೆಯ ನೆಲಮಾಳಿಗೆಯಲ್ಲಿ ಹೂತರು. ಹೂತವರು ಇಸ್ರಾಯೆಲ್ ಲಿಖ್ಟೆನ್‌ಸ್ಟೈನ್ ಅನ್ನೋ ಮೇಷ್ಟ್ರು. ಜೊತೆಗಿದ್ದವರು ಅವರಲ್ಲೇ ಓದಿದ ಇಬ್ಬರು ಹುಡುಗರು, ಒಬ್ಬನಿಗೆ 18, ಇನ್ನೊಬ್ಬನಿಗೆ 19. ಪೆಟ್ಟಿಗೆ ಮುಚ್ಚುವ ಮೊದಲು ಮೂವರೂ ತಮ್ಮ ಕೊನೆಯ ಮಾತು ಬರೆದು ಒಳಗಿಟ್ಟರು. ಮೇಷ್ಟ್ರು ತಮಗೆ ಹೊಗಳಿಕೆ ಬೇಡ ಅಂದರು. ಹೆಂಡತಿಯನ್ನು, ಚಿತ್ರಕಲಾವಿದೆ ಗೇಲಾ ಸೆಕ್‌ಷ್ಟೈನ್ ಅವರನ್ನು, ನೆನಪಿಡಿ ಅಂದರು. ಆಮೇಲೆ ಮಗಳು ಮಾರ್ಗಲಿತ್. ಇಪ್ಪತ್ತು ತಿಂಗಳ ಕೂಸು. ಯಹೂದಿಗಳ ಮನೆಮಾತಾದ ಯಿಡ್ಡಿಷ್ ಚೆನ್ನಾಗಿ ಮಾತಾಡುತ್ತಾಳೆ, ಮೂರು ನಾಲ್ಕು ವರ್ಷದ ಮಕ್ಕಳಷ್ಟು ಬುದ್ಧಿ ಇದೆ ಅಂತ ಬರೆದರು. ಸಾವು ಬಾಗಿಲಲ್ಲಿ ನಿಂತಿರುವಾಗ ಅಪ್ಪ ಮಗಳ ಮಾತಿನ ಬಗ್ಗೆ ಬರೆಯುತ್ತಿದ್ದಾನೆ.

ಅಪ್ಪ, ಅಮ್ಮ, ಮಗಳು ಮೂವರೂ ಉಳಿಯಲಿಲ್ಲ. ಆ ಇಬ್ಬರು ಹುಡುಗರೂ ಉಳಿಯಲಿಲ್ಲ. ಗೇಲಾ ಬಿಡಿಸಿದ ಚಿತ್ರಗಳು ಮಾತ್ರ ಅದೇ ಪೆಟ್ಟಿಗೆಗಳಲ್ಲಿ ಉಳಿದು ಬಂದವು. ಬಹಳಷ್ಟು ಮಕ್ಕಳ ಮುಖಗಳು.

ನಿಮ್ಮ ತರಗತಿಯಲ್ಲಿ ತೋರಿಸಬೇಕಾದ ಚಿತ್ರ ಅದು. ಒಂದೇ ಒಂದು ತೋರಿಸಿ, ಸುಮ್ಮನಿರಿ. ಮಕ್ಕಳು ಕೂದಲು, ಬಟ್ಟೆ, ಕಣ್ಣು ನೋಡಲಿ. ಬಿಡಿಸಿದವರು ಯಾರು, ಯಾಕೆ ಹೂತಿಟ್ಟರು ಅನ್ನೋದು ಆಮೇಲೆ. ಮೇಷ್ಟ್ರ ಕೊನೆಯ ಮಾತು ಅದರ ನಂತರ. 60 ಲಕ್ಷ ಅನ್ನೋ ಅಂಕಿ ಕೊನೆಗೆ ಬರಲಿ. ಅದರಲ್ಲಿ ಸುಮಾರು 15 ಲಕ್ಷ ಮಕ್ಕಳು ಅಂತ ಹೇಳುವ ಹೊತ್ತಿಗೆ ಅವರಿಗೆ ಒಂದು ಹೆಸರು ಗೊತ್ತಿರುತ್ತೆ. ಕೊಲೆಯನ್ನು ಮುಚ್ಚಿಡಬೇಡಿ. ಟ್ರೆಬ್ಲಿಂಕಾದಲ್ಲಿ ಅನಿಲ ಬಿಟ್ಟು ಕೊಂದರು ಅಂತ ನೇರವಾಗಿ ಹೇಳಿ. ಮಾತಿನಲ್ಲಿ ಹೇಳಿ, ಅಷ್ಟು ಸಾಕು.

ಇದರ ಜೊತೆ ಸದಾ ಬರುವ ಇನ್ನೊಂದು ಪ್ರಶ್ನೆ, ಪಾತ್ರ ಮಾಡಿಸಬಹುದಾ ಅನ್ನೋದು. ಬೇಡ. ಒಂದು ಶಾಲೆಯಲ್ಲಿ ನೆಲದ ಮೇಲೆ ಚೌಕ ಎಳೆದು, ಅದೇ ರೈಲು ಡಬ್ಬಿ ಅಂತ ಹೇಳಿ, ಮಕ್ಕಳನ್ನು ಒತ್ತೊತ್ತಾಗಿ ನಿಲ್ಲಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಕೆಲವರಿಗೆ ಅದು ಆಟವಾಯಿತು. ಒಬ್ಬಳು ಹುಡುಗಿ ಅಳುತ್ತಾ ಹೊರಗೆ ಹೋದಳು. ಊಟ ಮಾಡಿ ಬಂದು ಐದು ನಿಮಿಷ ಚೌಕದಲ್ಲಿ ನಿಂತವರಿಗೆ ಆ ರೈಲು ಗೊತ್ತಾಗುವುದಿಲ್ಲ. ಗೊತ್ತಾಯಿತು ಅನ್ನೋ ಭ್ರಮೆ ಬರುತ್ತೆ, ಅದು ಸತ್ತವರಿಗೆ ಮಾಡುವ ಅನ್ಯಾಯ.

ಇನ್ನು ಸಮಯ. ಇಂಥ ಪಾಠಕ್ಕೆ ಮಕ್ಕಳನ್ನು ಜೋಪಾನವಾಗಿ ಒಳಗೆ ಕರೆದುಕೊಂಡು ಹೋಗಬೇಕು, ಜೋಪಾನವಾಗಿ ಹೊರಗೆ ತರಬೇಕು ಅನ್ನೋದು ನಮ್ಮ ಕೆಲಸದಲ್ಲಿ ಎಲ್ಲರೂ ಹೇಳುವ ಮಾತು. ಒಳಗೆ ಹೋಗುವುದನ್ನು ಎಲ್ಲರೂ ಮಾಡುತ್ತಾರೆ. ಪೋರ್ಷನ್ ಮುಗಿಸುವ ಅವಸರದಲ್ಲಿ ಹೊರಗೆ ಬರುವುದು ತಪ್ಪಿಹೋಗುತ್ತೆ. ಗಂಟೆ ಹೊಡೆಯುತ್ತೆ, ಮಗು ಅದೇ ಮನಸ್ಸಿನಲ್ಲಿ ಗಣಿತದ ಪಿರಿಯಡ್‌ಗೆ ಹೋಗಿ ಕೂರುತ್ತೆ. ಹಾಗಾಗಿ ಕೊನೆಯ ಹತ್ತು ನಿಮಿಷ ಹೊಸದೇನೂ ಹೇಳಬೇಡಿ. ಬರೆಯಬೇಕು ಅನಿಸಿದವರು ಬರೆಯಲಿ, ಕೇಳಬೇಕು ಅನಿಸಿದವರು ಕೇಳಲಿ. ನಿಮಗೆ ಗಂಟಲು ಕಟ್ಟಿದರೆ ಒಂದು ಕ್ಷಣ ನಿಲ್ಲಿಸಿ, ಅದರಲ್ಲಿ ತಪ್ಪೇನಿಲ್ಲ.

ಆ ಹತ್ತು ನಿಮಿಷಕ್ಕೆ ನಾನು ಉಳಿಸಿಕೊಳ್ಳುವುದು ಪೆಟ್ಟಿಗೆಗಳು ಸಿಕ್ಕಿದ ಕಥೆಯನ್ನೇ. ಯುದ್ಧ ಮುಗಿದ ಮೇಲೆ ಬದುಕುಳಿದ ಕೆಲವೇ ಜನ ಅವಶೇಷಗಳ ನಡುವೆ ಹುಡುಕಿದರು. 1946ರಲ್ಲಿ ಲೋಹದ ಪೆಟ್ಟಿಗೆಗಳು ಸಿಕ್ಕವು. 1950ರಲ್ಲಿ ಕಾಗದಗಳ ಎರಡನೆಯ ಪಾಲು ತುಂಬಿದ್ದ ಎರಡು ಹಾಲಿನ ಕ್ಯಾನುಗಳು ಸಿಕ್ಕವು. ಮೂರನೆಯ ಪಾಲನ್ನು ಬೇರೊಂದು ಕಡೆ ಹೂತಿದ್ದರು, ಅದು ಇವತ್ತಿಗೂ ಸಿಕ್ಕಿಲ್ಲ. ಇಲ್ಲಿಗೆ ಬಂದಾಗ ಅಲ್ಲೀವರೆಗೆ ತಲೆ ತಗ್ಗಿಸಿ ಕೂತ ಮಕ್ಕಳೂ ಕೈ ಎತ್ತುತ್ತಾರೆ. ಅದರಲ್ಲಿ ಏನಿತ್ತು ಸರ್? ಈಗಲೂ ಯಾರಾದ್ರೂ ಹುಡುಕ್ತಿದ್ದಾರಾ?