ಹಸಿದ ಮುದಿ ಇಲಿಯ ನೆನಪನ್ನು ಅಳೆಯುವ ಕಷ್ಟ

1935ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ ತಂಡ ಇಲಿಗಳ ಊಟ ಕಡಿಮೆ ಮಾಡಿ ಅವುಗಳ ಆಯಸ್ಸು ಹೆಚ್ಚುವುದನ್ನು ತೋರಿಸಿತು. ಆಯಸ್ಸನ್ನು ಅಳೆಯುವುದು ಸುಲಭ, ಹುಟ್ಟಿದ ದಿನ ಮತ್ತು ಸತ್ತ ದಿನ ಬರೆದಿಟ್ಟರೆ ಸಾಕು. ನೆನಪು ಹಾಗಲ್ಲ. ಅರೆಹೊಟ್ಟೆಯ ಮುದಿ ಇಲಿ ನಿಜಕ್ಕೂ ಚೆನ್ನಾಗಿ ಕಲಿಯಿತೇ, ಅಥವಾ ಅದಕ್ಕೆ ಬರೀ ಹಸಿವಾಗಿತ್ತೇ? ಇವೆರಡನ್ನು ಬೇರ್ಪಡಿಸುವುದರಲ್ಲೇ ಅರ್ಧ ಶ್ರಮ ಹೋಗುತ್ತದೆ.

ಮೊದಲು ಊಟದ ಲೆಕ್ಕ. ಅಮೆರಿಕದ ರಾಷ್ಟ್ರೀಯ ವೃದ್ಧಾಪ್ಯ ಸಂಸ್ಥೆಯ ಇಲಿ ಸಾಕಣೆಯಲ್ಲಿ ಕಡಿತ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತಿತ್ತು: ಹುಟ್ಟಿದ 14ನೇ ವಾರದಲ್ಲಿ ಶೇ 10, 15ನೇ ವಾರದಲ್ಲಿ ಶೇ 25, 16ನೇ ವಾರದಿಂದ ಶೇ 40. ದಿನಕ್ಕೆ ಸುಮಾರು 20 ಗ್ರಾಂ ತಿನ್ನುವ ಬೆಳೆದ ಇಲಿಗೆ ಕೊನೆಗೆ ಸಿಗುವುದು 12 ಗ್ರಾಂ. ಆ ಆಹಾರಕ್ಕೆ ವಿಟಮಿನ್ ಹೆಚ್ಚುವರಿಯಾಗಿ ಬೆರೆಸಿರಬೇಕು. ಬೆರೆಸದಿದ್ದರೆ ನಾವು ನೋಡುತ್ತಿರುವುದು ಮಿತಾಹಾರವಲ್ಲ, ಅಪೌಷ್ಟಿಕತೆ. ಒಂದೇ ಪಂಜರದಲ್ಲಿ ನಾಲ್ಕು ಇಲಿ ಬಿಟ್ಟರೆ ಬಲಿಷ್ಠವಾದದ್ದು ಉಳಿದವುಗಳ ಪಾಲನ್ನೂ ತಿನ್ನುತ್ತದೆ, ಹಾಗಾಗಿ ಒಂದೊಂದನ್ನೇ ಇಡುತ್ತಾರೆ. ಆದರೆ ಒಂಟಿತನವೇ ಇಲಿಯ ನಡವಳಿಕೆಯನ್ನು ಬದಲಿಸುವುದರಿಂದ ಹೋಲಿಕೆಯ ಗುಂಪನ್ನೂ ಒಂಟಿಯಾಗಿಯೇ ಸಾಕಬೇಕು. ಆ ಗುಂಪಿನದ್ದು ಇನ್ನೊಂದು ತಕರಾರು. ಬೇಕೆಂದಾಗ ತಿಂದು ಪಂಜರದಲ್ಲೇ ಬಿದ್ದಿರುವ ಇಲಿ ಕೊಬ್ಬುತ್ತದೆ. ಅದನ್ನು ‘ಸಾಮಾನ್ಯ’ ಎಂದು ಕರೆಯುವುದು ಸ್ವಲ್ಪ ಉದಾರತನವೇ ಸರಿ.

ತಿನಿಸನ್ನು ಬಹುಮಾನವಾಗಿಟ್ಟ ಜಟಿಲ ದಾರಿಯಲ್ಲಿ ಹಸಿದ ಇಲಿ ಗೆದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಅದಕ್ಕೇ ರಿಚರ್ಡ್ ಮಾರಿಸ್ 1981ರಲ್ಲಿ ವಿವರಿಸಿದ ನೀರಿನ ತೊಟ್ಟಿ ಇಲ್ಲಿ ಒದಗಿಬಂತು; ಅಲ್ಲಿ ಬಹುಮಾನ ತಿನಿಸಲ್ಲ, ನೀರಿನಿಂದ ಪಾರಾಗುವುದು. ಒಂದೂವರೆ ಮೀಟರ್ ಆಸುಪಾಸಿನ ದುಂಡನೆಯ ತೊಟ್ಟಿ. ನೀರಿಗೆ ಹಾಲಿನ ಪುಡಿ ಅಥವಾ ಬಿಳಿ ಬಣ್ಣ ಕದಡಿ, ಮೇಲ್ಮೈಯಿಂದ ಒಂದೆರಡು ಸೆಂ.ಮೀ. ಕೆಳಗೆ ಪುಟ್ಟ ಕಟ್ಟೆಯೊಂದನ್ನು ಅಡಗಿಸಿಡುತ್ತಾರೆ. ಇಲಿ ಕೋಣೆಯ ಗೋಡೆಯ ಮೇಲಿನ ಗುರುತುಗಳನ್ನು ನೋಡಿ ಕಟ್ಟೆಯ ಜಾಗ ಕಲಿಯಬೇಕು. ಕೊನೆಗೆ ಕಟ್ಟೆಯನ್ನೇ ತೆಗೆದು, ತೊಟ್ಟಿಯ ಯಾವ ಕಾಲು ಭಾಗದಲ್ಲಿ ಇಲಿ ಹೆಚ್ಚು ಹುಡುಕುತ್ತದೆ ಎಂದು ನೋಡುತ್ತಾರೆ. ಏನೂ ನೆನಪಿಲ್ಲದ ಇಲಿ ಕಟ್ಟೆಯಿದ್ದ ಕಾಲು ಭಾಗದಲ್ಲಿ ಕಳೆಯುವುದು ಸುಮಾರು ಶೇ 25ರಷ್ಟು ಸಮಯ.

ಇಲ್ಲೂ ಎಡವಲು ಜಾಗವಿದೆ. ಮಿತಾಹಾರದ ಇಲಿಗೆ ಕೊಬ್ಬು ಕಡಿಮೆ, ಮೈಯ ಉಷ್ಣತೆಯೂ ಕಡಿಮೆ. ನೀರು ತೀರಾ ತಣ್ಣಗಿದ್ದರೆ ಅದು ಬೇಗ ಸೋಲುತ್ತದೆ. ಬೆಚ್ಚಗಿದ್ದರೆ ಕೊಬ್ಬಿದ ಇಲಿ ಈಜುವುದನ್ನೇ ಬಿಟ್ಟು ತೇಲುತ್ತದೆ. ಆದ್ದರಿಂದ ಕಟ್ಟೆ ಸೇರಲು ಹಿಡಿದ ಸೆಕೆಂಡುಗಳನ್ನಷ್ಟೇ ನಂಬದೆ ಈಜಿದ ದೂರ ಮತ್ತು ವೇಗವನ್ನೂ ಬರೆದುಕೊಳ್ಳಬೇಕು. ಕಣ್ಣೂ ಮುಖ್ಯ. ಮಿತಾಹಾರ ಚಿಟ್ಟಿಲಿಗಳಲ್ಲಿ ಕಣ್ಣಿನ ಪೊರೆಯನ್ನು ಮುಂದೂಡುತ್ತದೆ. ಕಟ್ಟೆಯನ್ನು ಕಾಣುವಂತೆ ಇಟ್ಟು ಒಮ್ಮೆ ಪರೀಕ್ಷಿಸದಿದ್ದರೆ, ಸುಧಾರಿಸಿದ್ದು ನೆನಪೋ ದೃಷ್ಟಿಯೋ ಗೊತ್ತಾಗುವುದಿಲ್ಲ.

ಫಲಿತಾಂಶಗಳು ಹೊಂದುವುದಿಲ್ಲ. 1987ರಲ್ಲಿ ಡೊನಾಲ್ಡ್ ಇಂಗ್ರಾಮ್ ಮತ್ತು ಸಂಗಡಿಗರ ಪ್ರಯೋಗದಲ್ಲಿ ಕಡಿಮೆ ತಿಂದು ಮುದಿಯಾದ ಚಿಟ್ಟಿಲಿಗಳು 14 ತಿರುವುಗಳ ದಾರಿಯನ್ನು ಚೆನ್ನಾಗಿ ಕಲಿತವು, ತಿರುಗುವ ಕೋಲಿನ ಮೇಲೂ ಗಟ್ಟಿಯಾಗಿ ನಿಂತವು. 1999ರಲ್ಲಿ ಅಲಿಸಿಯಾ ಮಾರ್ಕೋವ್ಸ್ಕಾ ಫಿಷರ್-344 ತಳಿಯ ಇಲಿಗಳಲ್ಲಿ ನೋಡಿದಾಗ, ಬದುಕಿಡೀ ಮಿತಾಹಾರವಿದ್ದರೂ ಅರಿವಿನ ಕುಸಿತ ನಿಧಾನವಾಗಲಿಲ್ಲ. ತಳಿ, ಕಡಿತದ ಪ್ರಮಾಣ, ಶುರುಮಾಡಿದ ವಯಸ್ಸು, ಪರೀಕ್ಷೆ ಎಲ್ಲವೂ ಬೇರೆ ಬೇರೆ. ಮೈಯ ಚುರುಕಿನ ಬಗ್ಗೆ ಸಿಕ್ಕಿರುವ ಸಾಕ್ಷ್ಯ ನೆನಪಿನ ಸಾಕ್ಷ್ಯಕ್ಕಿಂತ ಗಟ್ಟಿ ಎಂದೇ ಹೇಳಬೇಕು.

ಲಾಭ ಆಗುವಲ್ಲಿ ಅದು ಆಗುವುದು ಹೇಗೆ? ಸಹಜ ಮುಪ್ಪಿನಲ್ಲಿ ಹಿಪೊಕ್ಯಾಂಪಸ್‌ನ (ನೆನಪಿಗೆ ಮುಖ್ಯವಾದ ಮಿದುಳಿನ ಭಾಗ) ನರಕೋಶಗಳು ಹೆಚ್ಚೇನೂ ಸಾಯುವುದಿಲ್ಲ, ಅವುಗಳ ನಡುವಿನ ಬೆಸುಗೆ ಸಡಿಲವಾಗುತ್ತದೆ. ಮಿತಾಹಾರದಲ್ಲಿ ಉರಿಯೂತ ತಗ್ಗುತ್ತದೆ, ಕೋಶ ತನ್ನೊಳಗಿನ ಕಸವನ್ನು ತಾನೇ ಅರಗಿಸಿಕೊಳ್ಳುವುದು ಹೆಚ್ಚುತ್ತದೆ, ಬೆಸುಗೆ ಬಲಪಡಿಸುವ ಬಿಡಿಎನ್‌ಎಫ್ ಎಂಬ ಪ್ರೋಟೀನ್ ಕೂಡ ಹಲವು ಪ್ರಯೋಗಗಳಲ್ಲಿ ಏರಿದೆ. ಇದಕ್ಕೆ ಬೆಲೆಯೂ ಉಂಟು. 2010ರಲ್ಲಿ ವರದಿಯಾದಂತೆ, ಸರಿಯಾಗಿ ತಿನ್ನಲಾಗದ ಸೀ ಎಲಿಗನ್ಸ್ ಹುಳುಗಳಿಗೆ ಯೌವನದಲ್ಲಿ ದೀರ್ಘಾವಧಿ ನೆನಪು ಕಡಿಮೆಯಿತ್ತು, ಆದರೆ ಮುಪ್ಪಿನಲ್ಲಿ ಅದು ಹೆಚ್ಚು ಕಾಲ ಉಳಿಯಿತು. ಫ್ರಾನ್ಸಿನಲ್ಲಿ ಸಾಕಿದ ಬೂದು ಮೌಸ್ ಲೀಮರ್‌ಗಳ (ಕೋತಿಗಳ ದೂರದ ಬಂಧುಗಳಾದ ಪುಟ್ಟ ಪ್ರಾಣಿಗಳು) ಕತೆ ಇನ್ನೂ ವಿಚಿತ್ರ (2018). ಊಟದಲ್ಲಿ ಶೇ 30 ಕಡಿತವಾದಾಗ ಆಯಸ್ಸಿನ ಮಧ್ಯಾಂಕ (ಅರ್ಧದಷ್ಟು ಪ್ರಾಣಿಗಳು ದಾಟಿದ ವಯಸ್ಸು) 6.4ರಿಂದ 9.6 ವರ್ಷಕ್ಕೆ ಏರಿತು. ಮಿದುಳಿನ ಬೂದು ಭಾಗ ಮಾತ್ರ ಬೇಗ ಸವೆಯಿತು, ಬಿಳಿ ಭಾಗ ಉಳಿಯಿತು. ಅರಿವಿನ ಪರೀಕ್ಷೆಗಳಲ್ಲಿ ಎದ್ದುಕಾಣುವ ವ್ಯತ್ಯಾಸವಿರಲಿಲ್ಲ.

ಇನ್ನು ಹೊತ್ತಿನ ಪ್ರಶ್ನೆ. ದಿನಕ್ಕೊಮ್ಮೆ ತಿನಿಸು ಸಿಗುವ ಇಲಿ ಅದನ್ನು ಕೆಲವೇ ಗಂಟೆಗಳಲ್ಲಿ ಮುಗಿಸಿ ಉಳಿದ ಹೊತ್ತು ಉಪವಾಸವಿರುತ್ತದೆ. ಮುಂದಿನ ಊಟಕ್ಕೆ ಒಂದೆರಡು ಗಂಟೆ ಮೊದಲೇ ಚಡಪಡಿಸಿ ಓಡಾಡುತ್ತದೆ. ಆಗ ಪರೀಕ್ಷೆಗೆ ಕೂರಿಸಿದರೆ ಅಂಕ ಸಿಗುವುದು ಚಡಪಡಿಕೆಗೆ. 2022ರಲ್ಲಿ ಜೋಸೆಫ್ ತಕಾಹಾಶಿ ತಂಡ ಚಿಟ್ಟಿಲಿಗಳ ಊಟದಲ್ಲಿ ಶೇ 30 ಕಡಿತ ಮಾಡಿತು. ಹಗಲೂ ರಾತ್ರಿ ಹಂಚಿ ಕೊಟ್ಟಾಗ ಆಯಸ್ಸು ಶೇ 10 ಹೆಚ್ಚಿತು, ಅವು ಎಚ್ಚರವಿರುವ ರಾತ್ರಿಯಲ್ಲಷ್ಟೇ ಕೊಟ್ಟಾಗ ಶೇ 35. ಹಾಗಾಗಿ ನೆನಪಿನ ಹಳೆಯ ಪ್ರಯೋಗಗಳನ್ನು ಓದುವಾಗ ಎಷ್ಟು ಗ್ರಾಂ ಕೊಟ್ಟರು ಎಂಬುದರ ಜೊತೆಗೆ ಎಷ್ಟು ಹೊತ್ತಿಗೆ ಕೊಟ್ಟರು, ಎಷ್ಟು ಹೊತ್ತಿಗೆ ತೊಟ್ಟಿಗೆ ಇಳಿಸಿದರು ಎಂಬ ಸಾಲನ್ನೂ ಹುಡುಕಬೇಕು.